ಪೆನ್‌ಡ್ರೈವ್ ತುಂಬಿದ ಮಾತ್ರಕ್ಕೆ ಡೀಜೆಯೇ?

ಹೋದ ವಾರ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸುಳ್ಯದ ಬಸ್ಸಿಗೆ ಕಾಯುತ್ತಿದ್ದೆ. ಒಬ್ಬ ಹುಡುಗ ಬಂದು ಹಿಡಿದ.

“ಅಣ್ಣಾ, ನನಗೆ ಡೀಜೆ ಆಗ್ಬೇಕು. ಲ್ಯಾಪ್‌ಟಾಪ್ ಉಂಟು, ಪೆನ್‌ಡ್ರೈವಿನಲ್ಲಿ ಆರು ಸಾವಿರ ಹಾಡು ಉಂಟು. ಇನ್ನೆಂತ ಬೇಕು?”

ನನಗೆ ನಗು ಬಂತು. ಆಮೇಲೆ ಆ ನಗು ಗಂಟಲಲ್ಲೇ ನಿಂತಿತು. ಯಾಕೆಂದರೆ ಮೂರು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದವನೇ!

ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಬರೆದದ್ದಕ್ಕೆ ಸಿಗುವ ಕಾಸು ಬೀಡಾ, ಬಸ್ ಚಾರ್ಜಿಗೆ ಸರಿ. ಮೆಹಂದಿ ರಾತ್ರಿಗೆ ಹಾಡು ಹಾಕಿದರೆ ಒಂದೇ ದಿನಕ್ಕೆ ಒಂದು ತಿಂಗಳ ಲೇಖನದ ದುಡ್ಡು. ಸರಿ, ಗೆಳೆಯನ ಲ್ಯಾಪ್‌ಟಾಪ್ ಎತ್ತಿಕೊಂಡೆ, ಸಿಕ್ಕಸಿಕ್ಕಲ್ಲಿಂದ ಹಾಡು ಇಳಿಸಿಕೊಂಡೆ, ಕಡಬದ ಕಡೆ ಒಂದು ಮನೆಯಲ್ಲಿ ಮೆಹಂದಿ ಒಪ್ಪಿಕೊಂಡೆ.

ಒಂಬತ್ತೂಕಾಲಕ್ಕೆ ಮದುಮಗಳ ಅಪ್ಪ ಬಳಿಗೆ ಬಂದರು. ಬಿಳಿ ಪಂಚೆ, ಹೆಗಲಿಗೆ ಬೈರಾಸು. “ಮಗಾ, ‘ನಾ ನಿನ್ನ ಮರೆಯಲಾರೆ’ ಪಿಚ್ಚರಿನ ಹಾಡು ಉಂಟಾ? ನಮ್ಮ ಮದುವೆಗೆ ಮೈಕ್ ಸೆಟ್‌ನವರು ಅದನ್ನೇ ಹಾಕಿದ್ದು” ಅಂದರು. 1976ರ ಚಿತ್ರ, ರಾಜನ್-ನಾಗೇಂದ್ರ ಸಂಗೀತ. ಇರದೆ ಏನು? “ಈಗ ಹಾಕ್ತೇನೆ ಮಾವ” ಎಂದೆ.

ಹುಡುಕಿದೆ… ‘ಟ್ರ್ಯಾಕ್ ಏಳು’, ‘ಆಡಿಯೋ ಮೂರು’, ‘ನ್ಯೂ ಫೋಲ್ಡರ್ ಎರಡು’. ಹೆಸರೇ ಇಲ್ಲದ ಹಾಡಿನ ಕಾಡು! ನಾಲ್ಕು ನಿಮಿಷ ಅಂಗಳದಲ್ಲಿ ಸದ್ದಿಲ್ಲ. ಅಂತೂ ಸಿಕ್ಕಿತು. ಮುದುಕರು ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಪಲ್ಲವಿ ಮುಗಿದು ಚರಣ ಶುರುವಾಗುವಷ್ಟರಲ್ಲಿ ಹಾಡಿನ ನಡುವೆ ಒಬ್ಬಳು ಹೆಂಗಸು ಬಾಯಿ ಹಾಕಿದಳು: ಹಾಡನ್ನು ಎಲ್ಲಿಂದ ಇಳಿಸಿದ್ದೋ ಆ ಜಾಗದ ಜಾಹೀರಾತು! ಹುಡುಗರು ಹೋ ಎಂದು ನಕ್ಕರು. ಮುದುಕರು ನಗಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತರು. ಮರುದಿನ ಪೂರ್ತಿ ದುಡ್ಡು ಎಣಿಸಿ ಕೊಟ್ಟರು ನೋಡಿ, ಚುಚ್ಚಿದ್ದು ಅದೇ.

ಆಮೇಲೆ ಪುತ್ತೂರಿನ ಒಬ್ಬ ಹಳೆಯ ಮೈಕ್ ಸೆಟ್ ಅಣ್ಣನ ಬಳಿ ಹೋಗಿ ಗೋಳು ತೋಡಿಕೊಂಡೆ. ಅವರು ಬೈಯಲಿಲ್ಲ, ಒಂದು ಉದ್ದ ಲೆಕ್ಕದ ಪುಸ್ತಕ ತೆಗೆದರು. ಒಳಗೆ ಒಂದೊಂದು ರೆಕಾರ್ಡಿನ ನಂಬರು, ಯಾವ ಮಗ್ಗುಲಲ್ಲಿ ಎಷ್ಟನೇ ಹಾಡು, ಯಾವುದರಲ್ಲಿ ಗೀರು ಬಿದ್ದಿದೆ, ದಿಬ್ಬಣಕ್ಕೆ ಯಾವುದು, ಊಟಕ್ಕೆ ಯಾವುದು! “ಕೆಲಸ ಅಂಗಳದಲ್ಲಿ ಅಲ್ಲ ಮಾರಾಯ, ಹಿಂದಿನ ದಿನ ಮನೆಯಲ್ಲಿ” ಅಂದರು. ಸಾಫ್ಟ್‌ವೇರ್ ಕಲಿಯುವವರಿಗೂ ಇದೇ ಮೊದಲ ಪಾಠ.

ಹಾಗಾದರೆ ಶುರು ಎಲ್ಲಿಂದ? ಮಿಕ್ಸ್ ಎಂಬ ಸಾಫ್ಟ್‌ವೇರ್ ಪೂರ್ತಿ ಪುಕ್ಕಟೆ, ದುಡಿಮೆಗೂ ಪುಕ್ಕಟೆ. ವರ್ಚುವಲ್ ಡೀಜೆ ಮನೆಯಲ್ಲಿ ಕಲಿಯಲು ಪುಕ್ಕಟೆ, ಕಾಸು ಸಂಪಾದನೆಗೆ ಇಳಿದರೆ ಲೈಸೆನ್ಸ್ ಕೊಳ್ಳಬೇಕು. ಆದರೆ ಒಂದು ಗುಟ್ಟು: ಜನರಿಗೆ ಒಂದು ಹಾಡು ಕೇಳುತ್ತಿರುವಾಗ ಮುಂದಿನದ್ದು ನಿಮ್ಮ ಹೆಡ್‌ಫೋನಿಗೆ ಮಾತ್ರ ಕೇಳಬೇಕು. ಲ್ಯಾಪ್‌ಟಾಪಿನ ಒಂದೇ ತೂತಿನಲ್ಲಿ ಅದು ನೆಟ್ಟಗಾಗುವುದಿಲ್ಲ. ಬೇರೆ ಸೌಂಡ್ ಕಾರ್ಡ್ ಅಥವಾ ಸಣ್ಣ ಕಂಟ್ರೋಲರ್ ಬೇಕು. ದೊಡ್ಡ ಗುಂಡಿಗಳ ಪೆಟ್ಟಿಗೆ ಆಮೇಲೆ.

ಇನ್ನು ಹಾಡಿನ ಫೈಲು. ಎಂಪಿತ್ರೀ ಆದರೆ 320 ಕೆಬಿಪಿಎಸ್‌ನದ್ದು ನೋಡಿ ತೆಗೆದುಕೊಳ್ಳಿ. ಐದು ನಿಮಿಷದ ಹಾಡಿಗೆ ಸುಮಾರು 12 ಎಂಬಿ. ಅದೇ ಹಾಡು 128ರಲ್ಲಿ ಐದು ಎಂಬಿಗೂ ಕಡಿಮೆ. ಇಯರ್‌ಫೋನಿನಲ್ಲಿ ಎರಡೂ ಒಂದೇ ಅನ್ನಿಸಬಹುದು, ದೊಡ್ಡ ಸ್ಪೀಕರಿಗೆ ಹಾಕಿದರೆ ಬಣ್ಣ ಬಯಲು! 128ನ್ನು 320ಕ್ಕೆ ಪರಿವರ್ತಿಸಿದೆ ಎಂದು ಬೀಗಬೇಡಿ, ನೀರು ಬೆರೆಸಿದ ಹಾಲನ್ನು ದೊಡ್ಡ ಲೋಟಕ್ಕೆ ಸುರಿದ ಹಾಗೆ. ಮೊಬೈಲ್ ಆ್ಯಪಿನಲ್ಲಿ ಆಫ್‌ಲೈನ್ ಇಟ್ಟುಕೊಂಡ ಹಾಡನ್ನು ಈ ಸಾಫ್ಟ್‌ವೇರ್ ತೆರೆಯುವುದೂ ಇಲ್ಲ, ಅದಕ್ಕೆ ಬೀಗ ಉಂಟು. ಸಾಧ್ಯವಾದಷ್ಟು ಕೊಂಡುಕೊಳ್ಳಿ. ಕೊಂಡ ಹಾಡಿನ ನಡುವೆ ಜಾಹೀರಾತಿನ ಹೆಂಗಸು ಬಂದು ಮಾತಾಡುವುದಿಲ್ಲ!

ಆಮೇಲೆ ಹೆಸರು. ಹಾಡಿನ ಮೊದಲ ಸಾಲು, ಚಿತ್ರ, ಗಾಯಕರು, ಇಸವಿ ಇಷ್ಟನ್ನು ಫೈಲಿನ ಒಳಗಿನ ಟ್ಯಾಗಿನಲ್ಲಿ ಬರೆಯಿರಿ. ಕನ್ನಡ ಬರೆದರೆ ಎಲ್ಲ ಕಡೆ ಕನ್ನಡವೇ ಇರಲಿ. ಒಂದು ಕಡೆ ಹಾಗೆ, ಒಂದು ಕಡೆ ಹೀಗೆ ಆದರೆ ಹುಡುಕುವಾಗ ಕಣ್ಣಿಗೆ ಕತ್ತಲೆ. ದಿಬ್ಬಣ, ಊಟ, ಕುಣಿತ, ಹಳೆಯವು, ತುಳು ಎಂದು ಬೇರೆ ಬೇರೆ ಪಟ್ಟಿ ಮಾಡಿ. ಮತ್ತೆ ಒಂದು ಎಚ್ಚರಿಕೆ: ಸಾಫ್ಟ್‌ವೇರಿಗೆ ಸೇರಿಸಿದ ಮೇಲೆ ಫೋಲ್ಡರನ್ನು ಎತ್ತಿ ಬೇರೆ ಕಡೆ ಇಟ್ಟರೆ ಅದಕ್ಕೆ ದಾರಿ ತಪ್ಪುತ್ತದೆ, ಹಾಡು ಇಲ್ಲ ಅನ್ನುತ್ತದೆ.

ಈಗ ನಮ್ಮ ಹುಡುಗರು ಮೋಸ ಹೋಗುವ ಜಾಗಕ್ಕೆ ಬಂದೆ. ಸಾಫ್ಟ್‌ವೇರ್ ಪ್ರತಿ ಹಾಡಿನ ತಾಳ ಎಣಿಸಿ ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಬರೆಯುತ್ತದೆ. ‘ಸಿಂಕ್’ ಒತ್ತಿದರೆ ಎರಡು ಹಾಡು ಕೈಕೈ ಹಿಡಿದು ಹೋಗುತ್ತವೆ. ಕಂಪ್ಯೂಟರಿನಲ್ಲೇ ಹುಟ್ಟಿದ ಇಂದಿನ ಹಾಡಿಗೆ ಇದು ಸೈ. ಆದರೆ ಎಪ್ಪತ್ತರ ದಶಕದ ಹಾಡು? ಮದ್ರಾಸಿನ ಸ್ಟುಡಿಯೋಗಳಲ್ಲಿ ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ್ದು. ಮನುಷ್ಯರ ಕೈ ಸ್ವಾಮಿ, ಒಂದು ಕಡೆ ಕೂದಲೆಳೆ ಬೇಗ, ಒಂದು ಕಡೆ ನಿಧಾನ. ಯಂತ್ರ ಎಳೆದ ಗೆರೆ ಪಲ್ಲವಿಯಲ್ಲಿ ಸರಿ, ಎರಡನೇ ಚರಣಕ್ಕೆ ಜಾರಿರುತ್ತದೆ. ಕೆಲವೊಮ್ಮೆ 70ನ್ನು 140 ಎಂದೂ ಬರೆಯುತ್ತದೆ! ಇಂಥ ಹಾಡಿನ ಮೇಲೆ ಇನ್ನೊಂದನ್ನು ಹೇರಬೇಡಿ. ಮುಗಿಯಲು ಬಿಡಿ, ಆಮೇಲೆ ಶುರು ಮಾಡಿ. ಹಾಡು ಎಲ್ಲಿಂದ ಎದ್ದರೆ ಚೆಂದವೋ ಅಲ್ಲಿಗೆ ‘ಕ್ಯೂ’ ಗುರುತು ಹಾಕಿಡಿ. ಅದಕ್ಕೆ ಪ್ರತಿ ಹಾಡನ್ನೂ ತಲೆಯಿಂದ ಬುಡದವರೆಗೆ ಕೇಳಲೇಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಕೊನೆಯದು ಗಡಿಯಾರ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ತೆರೆದ ಅಂಗಳದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧ. ಹತ್ತಕ್ಕೆ ಪೊಲೀಸರು ಬಂದು ನಿಲ್ಲಿಸುವ ಮೊದಲೇ, ಒಂಬತ್ತು ಐವತ್ತಕ್ಕೆ ಒಳ್ಳೆಯ ಹಾಡಿನಿಂದ ನೀವೇ ಮುಗಿಸಿದರೆ ಅದು ಕಲೆ.

ನನ್ನ ಬಳಿ ಈಗ ಮುನ್ನೂರಿಪ್ಪತ್ತು ಹಾಡು ಉಂಟು, ಅಷ್ಟೇ. ಒಂದೊಂದೂ ಕೇಳಿದ್ದು, ಒಂದೊಂದಕ್ಕೂ ಹೆಸರು ಉಂಟು. ಎರಡನೇ ಪೆನ್‌ಡ್ರೈವಿನಲ್ಲಿ ನಕಲು ಉಂಟು. ಸುಳ್ಯ, ಪುತ್ತೂರಿನಿಂದ ಕರೆ ಬರುತ್ತದೆ. ಕಡಬದ ಆ ಮನೆಯಿಂದ ಮಾತ್ರ ಬಂದಿಲ್ಲ. ಅವರು ಕೇಳಿದ ಹಾಡನ್ನು ಕಾಸು ಕೊಟ್ಟು ಕೊಂಡು ಪಟ್ಟಿಯ ಮೊದಲಿಗೇ ಇಟ್ಟಿದ್ದೇನೆ. ಮುದುಕರು ಇನ್ನೊಮ್ಮೆ ಕೇಳಿದರೆ ಈ ಸಲ ನಾಲ್ಕು ಸೆಕೆಂಡು ಸಾಕು.

ಬಸ್‌ಸ್ಟ್ಯಾಂಡಿನ ಹುಡುಗನಿಗೆ ಇಷ್ಟನ್ನೂ ಹೇಳಲು ಪುರುಸೊತ್ತಾಗಲಿಲ್ಲ, ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ ಕೂಗಿ ಹೇಳಿದೆ: “ಆರು ಸಾವಿರದಲ್ಲಿ ಮುನ್ನೂರು ಉಳಿಸು, ಉಳಿದದ್ದು ಅಳಿಸು. ಆಮೇಲೆ ಸಿಗು!”

ಅವನ ಮುಖ ಸಪ್ಪಗಾಯಿತು. ಪರವಾಗಿಲ್ಲ. ಅಂಗಳದಲ್ಲಿ ಸಪ್ಪಗಾಗುವುದಕ್ಕಿಂತ ಬಸ್‌ಸ್ಟ್ಯಾಂಡೇ ಮೇಲು!