ಬರಿಯಾಕ ಏನೈತಿ ಅನ್ನವರಿಗೆ: ನಿಮ್ಮ ಮನಿ ಐತಿ

ನವೆಂಬರ್ ಬಂದ್ರ ನಮ್ಮ ಪೇಜಿಗೆ ಬರೋ ಬರಹ ಎಲ್ಲಾ ಒಂದೇ ಅಚ್ಚಿನವು. ಪಂಪ, ಪುಲಕೇಶಿ, ಕೊನೆಗೆ ಜೈಕಾರ. ಗಡಹಿಂಗ್ಲಜದ ಹುಡುಗ ಬರೆದದ್ದೂ ಬೆಂಗಳೂರಿನ ಹುಡುಗ ಬರೆದದ್ದೂ ಒಂದೇ ಥರ ಇದ್ರ, ನಾವು ಇಲ್ಲಿ ಅದೀವಿ ಅಂತ ಯಾರಿಗೆ ತಿಳೀಬೇಕು?

ಎಂಬತ್ತು ದಾಟಿದ ಅಜ್ಜ, ಆಯಿ ಮನಿಯೊಳಗ ಇದ್ರ ಅವರನ್ನ ಕೇಳ್ರಿ. ಅವರು ಹುಟ್ಟಿದ್ದು ಕೊಲ್ಹಾಪುರ ಸಂಸ್ಥಾನದಲ್ಲಿ. 1949ರ ಮಾರ್ಚ್ 1ಕ್ಕೆ ಊರು ಮುಂಬಯಿಗೆ ಸೇರಿತು. 1960ರ ಮೇ 1ಕ್ಕೆ ಮಹಾರಾಷ್ಟ್ರ ಆಯ್ತು. ಹೊಲ, ಬಾವಿ ಇದ್ದಲ್ಲೇ ಇದ್ದವು. ನಡುವೆ 1956ರಲ್ಲಿ ಸಂಕೇಶ್ವರ ಮೈಸೂರು ರಾಜ್ಯಕ್ಕೆ ಹೋಯ್ತು, ಅಲ್ಲಿಗೆ ಕೊಟ್ಟ ಮಗಳು ಬೇರೆ ರಾಜ್ಯದವಳಾದಳು. ಆವತ್ತು ಮನಿಯೊಳಗ ಏನು ಮಾತಾಡಿದ್ರು? ಯಾವ ಆಯೋಗದ ವರದಿಯೊಳಗೂ ಅದು ಸಿಗಂಗಿಲ್ಲ.

ರಾಜಾರಾಮ್ ಕಾಲೇಜಿನ ಪ್ರೊ. ಕೆ.ಜಿ. ಕುಂದಣಗಾರರು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನ 1939ರಲ್ಲೇ ಪುಸ್ತಕ ಮಾಡಿದರು. ಅರಸರ ಹೆಸರು ಉಳಿದವು. ನಮ್ಮ ಒಕ್ಕಲುಮನಿ ಲೆಕ್ಕ ಬೇರೆ ಕಡೆ ಐತಿ. ಎತ್ತಿನ ಮ್ಯಾಲೆ ಬರೋ ಹೆಳವರು ಮೂಲಪುರುಷ ಯಾರು, ಬೆಡಗು ಯಾವುದು, ಯಾವ ಊರಿಂದ ಎದ್ದು ಬಂದ್ರಿ ಅಂತ ವಹಿ ತಗದು ಓದ್ತಾರ. ಕಾಳು ಕೊಟ್ಟು ಕಳಿಸಿಬಿಡಬ್ಯಾಡ್ರಿ, ಕೂತು ಬರ್ಕೊಳ್ರಿ. ಆಮೇಲೆ ತಲಾಠಿ ಕಡೆ ಹಳೇ ಫೇರಫಾರ ತಗಸ್ರಿ.

ಬ್ಯಾಂಕಿನೊಳಗ ಸಾಲದ ಕಾಗದ ನೋಡೋ ನಮ್ಮಂಥವರಿಗೆ ಒಂದು ಮಾತು ಗೊತ್ತೈತಿ. ಫೇರಫಾರದಾಗ ಅಜ್ಜನ ಹೆಸರು ಸಾಲಾಗಿ ಬರ್ತದ. ಅತ್ತೆಂದಿರ ಹೆಸರು ಅಪ್ಪ ಸತ್ತಾಗ ವಾರಸಾ ಅಂತ ಒಮ್ಮೆ ಬರ್ತದ, ಹಕ್ಕಸೋಡ ಬರೆದುಕೊಟ್ಟ ಮ್ಯಾಲೆ ಹೋಗ್ತದ. ಹೆಳವರ ವಹಿಯೊಳಗೂ ಗಂಡಸರದೇ ಸಾಲು. ಅತ್ತಿಯನ್ನ ಕೇಳ್ರಿ: ಅಂದು ಹೆಬ್ಬೆಟ್ಟು ಯಾಕ ಒತ್ತಿದಿ, ಖುಷಿಯಿಂದೋ, ತವರು ತಪ್ಪತೈತಿ ಅನ್ನೋ ಅಂಜಿಕಿಯಿಂದೋ? ನಮಗ ಓದಬೇಕಾಗಿರೋ ಕಥಿ ಅದು. ಮನಿಯವರಿಗೆ ಸಿಟ್ಟು ಬರಬಹುದು. ಬರಲಿ, ಹೆಸರು ಬದಲಿಸಿ ಬರೀರಿ.

ಇಚಲಕರಂಜಿಯೊಳಗ ಬೆಳೆದವರಿಗೆ ಹೊಲದ ಕಾಗದ ಇಲ್ಲದಿರಬಹುದು. ಕಂಡಿಕಿ ಸುತ್ತಿದ ಅವ್ವ ಅದಾಳ. ಯಾವ ಊರಿಂದ, ಯಾರ ಹಿಂದ ಬಂದಳು, ಮೊದಲ ಪಗಾರ ಎಷ್ಟು, ಕೇಳ್ರಿ.

ಶೇಡಬಾಳದ ಮಿರ್ಜಿ ಅಣ್ಣಾರಾಯರು 1945ರಲ್ಲಿ ‘ನಿಸರ್ಗ’ ಬರೆದಾಗ ದೂರ ಹೋಗಲಿಲ್ಲ. ಗಡಿಯ ಜೈನ ಒಕ್ಕಲುಮನಿಯನ್ನೇ ಬರೆದರು.

ಮಾತಿನಾಗ ಮರಾಠಿ ಬೆರಕಿ ಆದ್ರ ತಿದ್ದಬ್ಯಾಡ್ರಿ. ನಮ್ಮ ಅರ್ಧ ಬೀಗರು ಮರಾಠಿಯವರೇ, ಅದನ್ನ ಮುಚ್ಚಿಟ್ಟು ಬರೆದ್ರ ಸುಳ್ಳು ಬರೆದಂಗ.

ದೀಪಾವಳಿಗೆ ಊರಿಗೆ ಹೋದಾಗ ಹಿರಿಯರ ಮುಂದ ಫೋನ್ ಇಟ್ಟು ರೆಕಾರ್ಡ್ ಮಾಡ್ರಿ. ಕನ್ನಡ ಮಾತಾಡಾಕ ಬರ್ತದ, ಬರಿಯಾಕ ಬರಂಗಿಲ್ಲ ಅನ್ನವರು ದೇವನಾಗರಿಯೊಳಗೇ ಬರೆದು ಕಳಿಸ್ರಿ. ಕನ್ನಡ ಅಕ್ಷರಕ್ಕ ನಾವು ಇಳಸ್ತೀವಿ.