ಹೋಟೆಲ್ ಅಡುಗೆಮನೆಯ ಸುಟ್ಟಗಾಯಗಳ ಬಗ್ಗೆ ಮನವಿ ಪತ್ರ

ಗೆ,
ಕಾರ್ಮಿಕ ಆಯುಕ್ತರು,
ಕರ್ನಾಟಕ ಸರ್ಕಾರ, ಕಾರ್ಮಿಕ ಭವನ, ಬೆಂಗಳೂರು

ಇಂದ,
ನಗರದ ಹೋಟೆಲ್, ದರ್ಶಿನಿ, ಮೆಸ್‌ಗಳ ಅಡುಗೆಮನೆ ಕಾರ್ಮಿಕರು

ವಿಷಯ: ಕೆಲಸದ ವೇಳೆ ಆಗುವ ಸುಟ್ಟಗಾಯಗಳ ದಾಖಲೆ, ಚಿಕಿತ್ಸೆ ಮತ್ತು ಸಂಬಳದ ಬಗ್ಗೆ

ಮಾನ್ಯರೇ,

ಬೆಳಗ್ಗೆ ಆರಕ್ಕೆ ಗಿರಾಕಿಗಳಿಗೆ ಬಿಸಿ ಇಡ್ಲಿ ಸಿಗಬೇಕಾದರೆ ನಾವು ನಾಲ್ಕಕ್ಕೇ ಒಲೆ ಹಚ್ಚಬೇಕು. ವಡೆ ಕರಿಯುವ ಎಣ್ಣೆ 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾದಿರುತ್ತದೆ. ಜಿಡ್ಡುಗಟ್ಟಿದ ನೆಲದ ಮೇಲೆ ಹವಾಯಿ ಚಪ್ಪಲಿಯಲ್ಲೇ ನಿಂತು ಕುದಿಯುವ ಸಾಂಬಾರಿನ ಕೊಳಗ ಇಳಿಸುತ್ತೇವೆ. ಕೈಗೆ ಆಸರೆ ಒಂದು ಮಸಿಬಟ್ಟೆ. ಅದು ಒದ್ದೆಯಾಗಿದ್ದರೆ ಬಿಸಿ ಇನ್ನೂ ಬೇಗ ಚರ್ಮಕ್ಕೆ ತಾಗುತ್ತದೆ. ಅಡುಗೆಮನೆಯಲ್ಲಿ ಅದು ಒಣಗಿರುವುದೇ ಅಪರೂಪ.

ಕೈಕಾಲು ಸುಟ್ಟುಕೊಂಡವನಿಗೆ ಹಲವು ಕಡೆ ಸಿಗುವ ಉತ್ತರ, "ಊರಿಗೆ ಹೋಗಿ ವಾಸಿ ಮಾಡಿಕೊಂಡು ಬಾ" ಎಂಬುದು. ಅಷ್ಟೂ ದಿನ ಸಂಬಳವಿಲ್ಲ. ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರಿ, ಅಪಘಾತವಲ್ಲ. ನಮ್ಮ ದೂರಿನ ಮೂಲ ಇದೇ. ಬರೆದಿಡದ ಗಾಯಕ್ಕೆ ಪರಿಹಾರ ಕೇಳಲು ದಾರಿಯಿಲ್ಲ.

10 ಅಥವಾ ಹೆಚ್ಚು ಜನ ದುಡಿಯುವ ಹೋಟೆಲ್‌ಗಳಲ್ಲಿ ತಿಂಗಳಿಗೆ 21,000 ರೂ. ವರೆಗಿನ ಸಂಬಳದವರಿಗೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಅನ್ವಯಿಸುತ್ತದೆ. ಗಾಯದಿಂದ ಕೆಲಸಕ್ಕೆ ಬಾರದಾದಾಗ ಸಂಬಳದ ಶೇ. 90ರಷ್ಟು ಸಿಗಬೇಕು, ಇದಕ್ಕೆ ಮೊದಲೇ ಇಂತಿಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ. ಆದರೆ ಹದಿನೈದು ಜನ ದುಡಿಯುವಲ್ಲಿ ಎಂಟೇ ಹೆಸರು ಬರೆದರೆ ಈ ಹಕ್ಕು ನಮ್ಮ ಕೈಗೆ ಬರುವುದು ಹೇಗೆ?

ಆದ್ದರಿಂದ ತಮ್ಮ ನಿರೀಕ್ಷಕರು ಬೆಳಗಿನ ಪಾಳಿಯಲ್ಲೇ ಬಂದು, ಪುಸ್ತಕದ ಹೆಸರುಗಳನ್ನು ಒಲೆಯ ಮುಂದೆ ನಿಂತವರೊಂದಿಗೆ ತಾಳೆ ನೋಡಬೇಕು. ಪ್ರತಿ ಸುಟ್ಟಗಾಯವನ್ನೂ ಅಪಘಾತ ವಹಿಯಲ್ಲಿ ಬರೆದು ಗಾಯಾಳುವಿಗೆ ಪ್ರತಿ ಕೊಡುವುದು ಕಡ್ಡಾಯವಾಗಬೇಕು. ಇಎಸ್‌ಐ ಇಲ್ಲದ ಸಣ್ಣ ದರ್ಶಿನಿಗಳಲ್ಲಿ ಚಿಕಿತ್ಸೆಯ ಖರ್ಚು, ರಜೆಯ ಸಂಬಳ ಎರಡನ್ನೂ ಮಾಲೀಕರೇ ಕೊಡುವಂತೆ ಇಲಾಖೆ ನೋಡಿಕೊಳ್ಳಬೇಕು. ಕೈಗವಸು, ಜಾರದ ಮುಚ್ಚಿದ ಬೂಟು ಕೊಟ್ಟು ಅದರ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಿದೆ. ಸುಟ್ಟ ಕೂಡಲೇ 20 ನಿಮಿಷ ಹರಿಯುವ ತಣ್ಣೀರಿಗೆ ಒಡ್ಡಿದರೆ ಗಾಯ ಆಳಕ್ಕಿಳಿಯುವುದು ಕಡಿಮೆಯಾಗುತ್ತದೆ. ನಮ್ಮವರು ಇಂದಿಗೂ ದೋಸೆ ಹಿಟ್ಟು, ಟೂತ್‌ಪೇಸ್ಟ್ ಬಳಿಯುತ್ತಾರೆ. ಹೊತ್ತಿಕೊಂಡ ಎಣ್ಣೆಗೆ ನೀರು ಎರಚಿ ಮೈಯೆಲ್ಲ ಸುಟ್ಟುಕೊಳ್ಳುವ ಅಪಾಯವೂ ಇದೆ. ಒಡಿಶಾ, ಅಸ್ಸಾಂ, ನೇಪಾಳದಿಂದ ಬಂದ ಹುಡುಗರಿಗೂ ತಿಳಿಯುವಂತೆ ಈ ಸೂಚನೆಗಳನ್ನು ಅವರವರ ಭಾಷೆಯಲ್ಲಿ, ಚಿತ್ರ ಸಮೇತ ಗೋಡೆಗೆ ಹಾಕಿಸಬೇಕು. ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ವಿಭಾಗದ ವಿಳಾಸವೂ ಅಲ್ಲಿರಲಿ.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಅಡುಗೆ ಭಟ್ಟರು, ಸಹಾಯಕರು, ಕ್ಲೀನರ್‌ಗಳು