ಜೀವಪರರು ಮತ್ತು ಬೆಳಗಾವಿಯ ಮಗಳು

ಒಂದು ಚಳವಳಿ ತನಗೆ ತಾನೇ 'ಜೀವಪರ' ಎಂದು ಹೆಸರಿಟ್ಟುಕೊಂಡರೆ ಅದನ್ನು ಪ್ರಶ್ನಿಸುವವರೆಲ್ಲ ಸಾವಿನ ಪಕ್ಷದವರಾಗಿ ಬಿಡುತ್ತಾರೆ. ವಾದಕ್ಕೆ ಮೊದಲೇ ಅರ್ಧ ಗೆದ್ದುಬಿಡುವ ಉಪಾಯವಿದು. ಐರ್ಲೆಂಡಿನ ಯೂತ್ ಡಿಫೆನ್ಸ್ ಎಂಬ ಗರ್ಭಪಾತ ವಿರೋಧಿ ಸಂಘಟನೆ 1992ರಿಂದಲೂ ಈ ಹೆಸರಿನ ಬಲದಲ್ಲೇ ಬೀದಿಗಿಳಿಯುತ್ತಾ ಬಂದಿದೆ.

ಹೊಸಪೇಟೆ-ಬಳ್ಳಾರಿ ರಸ್ತೆಯ ಪಾಪಿನಾಯಕನಹಳ್ಳಿಯಲ್ಲಿ ಕುಳಿತ ನಮಗೆ ಐರ್ಲೆಂಡಿನ ಸಂಘಟನೆಯೊಂದರ ಗೊಡವೆ ಯಾಕೆ ಎಂದು ಓದುಗರು ಕೇಳಬಹುದು. ಗೊಡವೆ ಇದೆ. ಆ ಸಂಘಟನೆ ಕಾವಲು ಕಾಯುತ್ತಿದ್ದ ಕಾನೂನಿನ ಅಡಿಯಲ್ಲಿ ಪ್ರಾಣ ಬಿಟ್ಟವಳು ನಮ್ಮ ಬೆಳಗಾವಿಯ ಮಗಳು. ಸವಿತಾ ಹಾಲಪ್ಪನವರ. ದಂತವೈದ್ಯೆ. ಸಾಯುವಾಗ 31 ವರ್ಷ.

ನಡೆದದ್ದನ್ನು ನೆನಪಿಸಿಕೊಳ್ಳೋಣ. 2012ರ ಅಕ್ಟೋಬರ್ 21ರಂದು, 17 ವಾರದ ಗರ್ಭಿಣಿಯಾಗಿದ್ದ ಸವಿತಾ ಬೆನ್ನುನೋವೆಂದು ಗಾಲ್ವೆ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದರು. ಮರುದಿನ ನಸುಕಿಗೆ ನೀರು ಒಡೆಯಿತು. ಮಗು ಉಳಿಯುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಿತ್ತು, ತಾಯಿಗೂ ತಿಳಿಸಲಾಗಿತ್ತು. ಉಳಿಯದ ಗರ್ಭವನ್ನು ತೆಗೆದುಬಿಡಿ ಎಂದು ಆಕೆ ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿದೆ, ಅದು ನಿಲ್ಲುವವರೆಗೆ ಏನೂ ಮಾಡುವಂತಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನೂ ಆಕೆ ಕೇಳಬೇಕಾಯಿತು. ಹಾಗೆ ಹೇಳಿದ್ದು ಹೌದೆಂದು ಆಸ್ಪತ್ರೆಯ ಸೂಲಗಿತ್ತಿಯೊಬ್ಬರು ನಂತರದ ವಿಚಾರಣೆಯಲ್ಲಿ ಒಪ್ಪಿಕೊಂಡರು. ತಾನು ಐರಿಶಳೂ ಅಲ್ಲ, ಕ್ಯಾಥೊಲಿಕಳೂ ಅಲ್ಲ ಎಂದು ಸವಿತಾ ಹೇಳಿದ್ದನ್ನು ಆಕೆಯ ಪತಿ ಪತ್ರಿಕೆಯವರಿಗೆ ತಿಳಿಸಿದ್ದಾರೆ. ಬುಧವಾರ ಭ್ರೂಣದ ಬಡಿತ ನಿಂತಿತು. ಅಷ್ಟರಲ್ಲಿ ತಾಯಿಯ ರಕ್ತಕ್ಕೆ ನಂಜೇರಿತ್ತು. ಅಕ್ಟೋಬರ್ 28ರ ನಡುರಾತ್ರಿ ಕಳೆದ ಮೇಲೆ ಆಕೆಯೂ ತೀರಿಕೊಂಡರು.

ಗಮನಿಸಿ, ಇಲ್ಲಿ ಎರಡು ಜೀವಗಳ ನಡುವೆ ಒಂದನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲ. ಒಂದು ಜೀವ ಹೋಗುವುದು ಖಚಿತವಾಗಿತ್ತು. ಅದು ಹೋಗುವುದನ್ನು ಕಾಯುತ್ತಾ ಇನ್ನೊಂದನ್ನೂ ಕಳೆದುಕೊಂಡರು. ಇದನ್ನು ಜೀವಪರ ಎಂದು ಕರೆಯುವುದು ಯಾವ ಲೆಕ್ಕದಲ್ಲಿ?

ಆ ಕಾನೂನಿನ ಕಥೆ ಹಳೆಯದು. ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆ ಕೊಡುವ 1861ರ ಬ್ರಿಟಿಷ್ ಕಾಯಿದೆ ಅಲ್ಲಿ ಮೊದಲೇ ಇತ್ತು. ಅಷ್ಟು ಸಾಲದೆಂದು 1981ರಲ್ಲಿ ಕಟ್ಟಿದ ಪ್ರಚಾರ ಸಮಿತಿಯೊಂದು ಒತ್ತಡ ತಂದು, 1983ರ ಜನಮತಗಣನೆಯಲ್ಲಿ ಸಂವಿಧಾನಕ್ಕೇ ಎಂಟನೇ ತಿದ್ದುಪಡಿ ಮಾಡಿಸಿತು. ಹುಟ್ಟದ ಮಗುವಿನ ಜೀವದ ಹಕ್ಕು ತಾಯಿಯ ಜೀವದ ಹಕ್ಕಿಗೆ ಸಮ ಎಂದಾಯಿತು. ಪರವಾಗಿ ಬಿದ್ದ ಮತ ಶೇ. 66.9. ಕೇಳಲು ಎಷ್ಟು ಚೆಂದದ ಮಾತು! ಆದರೆ ತಕ್ಕಡಿಯ ಎರಡು ತಟ್ಟೆ ಸಮ ನಿಂತಾಗ ವೈದ್ಯ ಏನು ಮಾಡಬೇಕು? ಮುಟ್ಟಿದರೆ ಜೈಲು. ಮುಟ್ಟದಿದ್ದರೆ ಹೆಣ.

1992ರಲ್ಲಿ ಅತ್ಯಾಚಾರಕ್ಕೊಳಗಾಗಿ ಬಸುರಾಗಿದ್ದ 14ರ ಬಾಲಕಿ ಚಿಕಿತ್ಸೆಗೆಂದು ಇಂಗ್ಲೆಂಡಿಗೆ ಹೋಗುವುದನ್ನು ಐರಿಶ್ ಸರಕಾರದ ಅಟಾರ್ನಿ ಜನರಲ್ ಕೋರ್ಟಿನಿಂದ ತಡೆಯಾಜ್ಞೆ ತಂದು ನಿಲ್ಲಿಸಿದರು. ಆಕೆ ಆತ್ಮಹತ್ಯೆಯ ಅಂಚಿನಲ್ಲಿದ್ದಳು. ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ ಗರ್ಭಪಾತ ಮಾಡಬಹುದೆಂದು ಸುಪ್ರೀಂ ಕೋರ್ಟ್ ತಡೆಯನ್ನು ತೆಗೆದುಹಾಕಿತು. ಯೂತ್ ಡಿಫೆನ್ಸ್ ಹುಟ್ಟಿದ್ದು ಈ ಗಲಾಟೆಯ ನಡುವೆ. ಒಂದು ಎಳೆಯ ಹುಡುಗಿಗೆ ಸಿಕ್ಕ ಇಷ್ಟು ಸಣ್ಣ ಬಿಡುಗಡೆ ಸಂಘಟನೆ ಕಟ್ಟುವಷ್ಟು ದೊಡ್ಡ ಅಪಾಯವಾಗಿ ಕಂಡಿತು! ಕೋರ್ಟು ಹೇಳಿದ್ದನ್ನು ಕಾಯಿದೆಯಾಗಿ ಬರೆಯುವ ಧೈರ್ಯ ಮುಂದೆ ಬಂದ ಸರಕಾರಗಳಿಗೆ ಇಪ್ಪತ್ತು ವರ್ಷ ಬರಲಿಲ್ಲ. ಯಾವಾಗ ಅಪಾಯ, ಯಾರು ಅಳೆಯಬೇಕು ಎಂಬುದು ಅಸ್ಪಷ್ಟವಾಗಿಯೇ ಉಳಿಯಿತು. ಆ ಅಸ್ಪಷ್ಟತೆಯೊಳಗೆ ಸಿಲುಕಿದವರು ಸವಿತಾ. ಕೈಯಲ್ಲಿ ಕಾಸಿದ್ದ ಸಾವಿರಾರು ಹೆಂಗಸರು ವರ್ಷ ವರ್ಷವೂ ಇಂಗ್ಲೆಂಡಿಗೆ ಹೋಗಿ ಬರುತ್ತಿದ್ದರು. ಆಸ್ಪತ್ರೆಯ ಮಂಚದಲ್ಲಿ ಜ್ವರದಿಂದ ನಡುಗುತ್ತಿದ್ದವಳು ಎಲ್ಲಿಗೆ ಹೋಗಬೇಕಿತ್ತು?

2012ರ ಬೇಸಿಗೆಯಲ್ಲಿ ಯೂತ್ ಡಿಫೆನ್ಸ್ ಐರ್ಲೆಂಡಿನ ಊರೂರಿನಲ್ಲಿ ದೊಡ್ಡ ಜಾಹೀರಾತು ಫಲಕಗಳನ್ನು ನಿಲ್ಲಿಸಿತ್ತು. ಗರ್ಭಪಾತ ಹೆಣ್ಣಿನ ಬಾಳನ್ನು ಹರಿದು ಹಾಕುತ್ತದೆ ಎಂಬುದು ಅವುಗಳ ಸಾರ. ಸೆಪ್ಟೆಂಬರಿನಲ್ಲಿ ಡಬ್ಲಿನ್‌ನಲ್ಲಿ ಸೇರಿದ ಗರ್ಭಪಾತ ವಿರೋಧಿ ವೈದ್ಯರು, ತಾಯಿಯ ಪ್ರಾಣ ಉಳಿಸಲು ನೇರ ಗರ್ಭಪಾತದ ಅಗತ್ಯ ಬೀಳುವುದೇ ಇಲ್ಲ ಎಂದು ಘೋಷಣೆ ಹೊರಡಿಸಿದರು. ಮುಂದಿನ ತಿಂಗಳೇ ಗಾಲ್ವೆಯಲ್ಲಿ ಸವಿತಾ ಸತ್ತರು.

ಸಾವು ಲೋಕಕ್ಕೆ ತಿಳಿದ ಮೇಲೆ ಚಳವಳಿಗಾರರು ಕೊಟ್ಟ ಉತ್ತರ ಇನ್ನೂ ಚಾಲ್ತಿಯಲ್ಲಿದೆ. ಆಕೆಯನ್ನು ಕೊಂದದ್ದು ಕಾನೂನಲ್ಲ, ನಂಜನ್ನು ಗುರುತಿಸದ ಆಸ್ಪತ್ರೆಯ ಅಲಕ್ಷ್ಯ ಎಂಬುದು ಆ ಉತ್ತರ. ಅಲಕ್ಷ್ಯ ನಡೆದದ್ದು ನಿಜ, ನಾವು ಅಲ್ಲಗಳೆಯುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಮರಣ ವಿಚಾರಣೆಯ ತೀರ್ಪುಗಾರರು ಇದನ್ನು ವೈದ್ಯಕೀಯ ಅವಘಡ ಎಂದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಇನ್ನೊಂದು ಅಧಿಕೃತ ವರದಿ ಕೈತಪ್ಪಿದ 13 ಅವಕಾಶಗಳನ್ನು ಎಣಿಸಿತು. ಆದರೆ ಜೂನ್‌ನಲ್ಲಿ ಪ್ರೊ. ಅರುಳ್‌ಕುಮಾರನ್ ಸಮಿತಿ ಕೊಟ್ಟ ವರದಿಯನ್ನು ಇವರು ಯಾಕೆ ಅರ್ಧ ಮಾತ್ರ ಓದುತ್ತಾರೆ? ಭ್ರೂಣದ ಬಡಿತ ನಿಲ್ಲುವವರೆಗೆ ಕೈಹಾಕಬಾರದೆಂಬುದಕ್ಕೆ ಅತಿಯಾದ ಒತ್ತು ಕೊಡಲಾಯಿತು, ಕಾನೂನಿನ ಭಯವೂ ಅದಕ್ಕೆ ಕಾರಣ ಎಂದು ಅದೇ ವರದಿ ಹೇಳುತ್ತದೆ. ಪ್ರಸೂತಿ ತಜ್ಞ ಡಾ. ಪೀಟರ್ ಬಾಯ್ಲನ್ ಮರಣ ವಿಚಾರಣೆಯಲ್ಲಿ ಕೊಟ್ಟ ಸಾಕ್ಷ್ಯ ಇನ್ನೂ ಹರಿತವಾದದ್ದು. ಸೋಮವಾರ ಇಲ್ಲವೇ ಮಂಗಳವಾರ ಗರ್ಭ ತೆಗೆದಿದ್ದರೆ ಆಕೆ ಬಹುತೇಕ ಬದುಕುತ್ತಿದ್ದರು, ಆದರೆ ಆ ದಿನಗಳಲ್ಲಿ ಜೀವಕ್ಕೆ ಅಪಾಯ ಕಾಣದ್ದರಿಂದ ಕಾನೂನು ಒಪ್ಪುತ್ತಿರಲಿಲ್ಲ ಎಂದರು. ಅಪಾಯ ಕಂಡು ಕಾನೂನು ಒಪ್ಪುವ ಹೊತ್ತಿಗೆ ಹೊತ್ತು ಮೀರಿತ್ತು.

ವಿಪರ್ಯಾಸವೆಂದರೆ, ಹುಟ್ಟದ ಮಗುವಿನ ಜೀವವನ್ನು ತಾಯಿಯ ಜೀವಕ್ಕಿಂತ ಮೇಲಿಡಬೇಕೆಂದು ತಮ್ಮ ಸಭೆ ಎಂದೂ ಬೋಧಿಸಿಲ್ಲ ಎಂದು ಐರ್ಲೆಂಡಿನ ಕ್ಯಾಥೊಲಿಕ್ ಬಿಷಪರೇ 2012ರ ನವೆಂಬರ್‌ನಲ್ಲಿ ಹೇಳಿಕೆ ಕೊಟ್ಟರು. ತಾಯಿ ಬೇರು, ಭ್ರೂಣ ಕೊಂಬೆ; ಕೊಂಬೆಗಾಗಿ ಬೇರು ಕಡಿಯಬಾರದು. ಹಾಗಾದರೆ ಗಾಲ್ವೆಯ ಆ ವಾರ್ಡಿನಲ್ಲಿ ಮಾತಾಡಿದ್ದು ಯಾವ ಧರ್ಮ? ಧರ್ಮವನ್ನು ಪೊಲೀಸ್ ಕೆಲಸಕ್ಕೆ ಹಚ್ಚಿದವರ ದನಿ ಅದು ಎಂದೇ ನಮ್ಮ ಅಭಿಪ್ರಾಯ. ವಿಚ್ಛೇದನಕ್ಕೆ ಅವಕಾಶ ಕೊಟ್ಟರೆ ಸಮಾಜವೇ ಕುಸಿಯುತ್ತದೆಂದು ಆ ದೇಶದ ಸಂಪ್ರದಾಯವಾದಿಗಳು 1995ರಲ್ಲಿ ಹೆದರಿಸಿದ್ದರು. ಕೂದಲೆಳೆಯ ಅಂತರದಲ್ಲಿ ಅವರು ಸೋತರು. ಐರ್ಲೆಂಡ್ ಕುಸಿಯಲಿಲ್ಲ.

ಭ್ರೂಣಹತ್ಯೆಯೆಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. 1994ರಿಂದ ಲಿಂಗಪತ್ತೆ ನಿಷೇಧ ಕಾಯಿದೆ ಇದ್ದೂ, 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸಿ ಹೆಣ್ಣು ಭ್ರೂಣಗಳನ್ನು ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತು. ಅದಕ್ಕೆ ಕ್ಷಮೆಯಿಲ್ಲ. ಆದರೆ ಮಗಳು ಬೇಡವೆನ್ನುವ ಮನೆಯನ್ನೂ, ನೀರು ಒಡೆದು ನರಳುವ ತಾಯಿಯನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವವರು ನಮಗೆ ಬೇಡ. 2024ರವರೆಗೆ ಜಾರಿಯಲ್ಲಿದ್ದ ನಮ್ಮ ದಂಡ ಸಂಹಿತೆಯ 312ನೇ ಕಲಮೂ 1860ರಲ್ಲಿ ಅದೇ ಬ್ರಿಟಿಷರು ಬರೆದದ್ದೇ. ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಲ್ಲಿ ಹೆಂಗಸರು ಸಾಯುತ್ತಿದ್ದುದನ್ನು ಕಂಡು ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟಿತು, 1971ರಲ್ಲಿ ಕಾಯಿದೆ ಬಂತು. ತಾಯಿಯ ಪ್ರಾಣ ಉಳಿಸಲು ಕೂಡಲೇ ಅಗತ್ಯವೆನಿಸಿದರೆ ಒಬ್ಬನೇ ನೋಂದಾಯಿತ ವೈದ್ಯ ನಿರ್ಧರಿಸಬಹುದು, ವಾರಗಳ ಮಿತಿಯೂ ಅಡ್ಡ ಬರುವುದಿಲ್ಲ. ಸವಿತಾ ತವರಿಗೆ ಬಂದಿದ್ದಾಗ ಹೀಗಾಗಿದ್ದರೆ ಬೆಳಗಾವಿಯ ಯಾವ ವೈದ್ಯರೂ ಜೈಲಿಗೆ ಹೆದರಿ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ.

ಕಾನೂನು ಸರಿಯಿದ್ದ ಮಾತ್ರಕ್ಕೆ ನಾವು ಬೀಗುವಂತೆಯೂ ಇಲ್ಲ. ನಮ್ಮೂರಿನ ಗರ್ಭಿಣಿಗೆ ಕಷ್ಟವಾದರೆ ಹೊಸಪೇಟೆ, ಅಲ್ಲಿ ಆಗದಿದ್ದರೆ ಬಳ್ಳಾರಿ. ಅದೇ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ಸತ್ತರು. ನರಕ್ಕೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂತು. ಜೀವಪರರಿಗೆ ಮಾಡಲು ಕೆಲಸ ಬೇಕಿದ್ದರೆ ಇಲ್ಲಿದೆ: ಬಾಟಲಿಯಲ್ಲಿ ಏನಿದೆ ಎಂದು ಕೇಳಲಿ, ರಾತ್ರಿ ಪಾಳಿಯಲ್ಲಿ ವೈದ್ಯರಿದ್ದಾರೆಯೇ ಎಂದು ನೋಡಲಿ. ಫಲಕ ನಿಲ್ಲಿಸುವಷ್ಟು ಸುಲಭದ ಕೆಲಸವಲ್ಲ, ನಿಜ.

2018ರ ಮೇ 25ರಂದು ಐರ್ಲೆಂಡಿನ ಜನ ಎಂಟನೇ ತಿದ್ದುಪಡಿಯನ್ನು ಕಿತ್ತು ಹಾಕಿದರು. ಈ ಸಲ ಶೇ. 66.4 ಮತ ತೆಗೆಯುವ ಪರವಾಗಿ ಬಿತ್ತು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದಿದ್ದ ಸವಿತಾ ಚಿತ್ರದ ಸುತ್ತ ಮತದಾರರು ಚೀಟಿ ಅಂಟಿಸಿ ಆಕೆಯ ಕ್ಷಮೆ ಕೇಳಿದರು. ಹನ್ನೆರಡು ವಾರದವರೆಗೆ ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶ ಕೊಡುವ ಅವರ ಹೊಸ ಕಾಯಿದೆಯ ಬಗ್ಗೆ ನಮ್ಮ ಓದುಗರಲ್ಲಿ ಭಿನ್ನಾಭಿಪ್ರಾಯ ಇರಬಹುದು, ಇರಲಿ. ಆ ಕಾಯಿದೆಗೆ ಮಗಳ ಹೆಸರಿಡಿ ಎಂದು ಬೆಳಗಾವಿಯಿಂದ ತಂದೆ ಕೇಳಿಕೊಂಡಿದ್ದರು. ಇಡಲಿಲ್ಲ. ಯೂತ್ ಡಿಫೆನ್ಸ್ ಮತ್ತು ಅದರ ಜೊತೆಗಾರರು ಈಗಲೂ ಬೇಸಿಗೆಯಲ್ಲಿ ಡಬ್ಲಿನ್ನಿನ ಬೀದಿಗಳಲ್ಲಿ 'ಜೀವಕ್ಕಾಗಿ ರ‍್ಯಾಲಿ' ನಡೆಸುತ್ತಿದ್ದಾರೆ.